ಹಳದಿ ಉರಿಗೆ ಪಂಪ್ ಹೊಡೀಬ್ಯಾಡ್ರಿ: ಕ್ಯಾಂಪಿಂಗ್ ಸ್ಟೋವ್, ಅದರ ಜೆಟ್ ಮತ್ತು ಎಣ್ಣೆಯ ಲೆಕ್ಕ

(ಇದು ಪಾಡ್‌ಕಾಸ್ಟ್ ಕಂತಿನ ಲಿಖಿತ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)



ಇವತ್ತಿನ ವಿಷಯ ಸ್ಟೋವ್. ಪಂಪ್ ಹೊಡೆದು ಹಚ್ಚುವ ಸ್ಟೋವ್. ‘ಇದರಾಗ ಮಾತಾಡಾಕ ಏನೈತಿ?’ ಅಂತ ಕೇಳಬಹುದು. ಹೋದ ಚಳಿಗಾಲದವರೆಗೂ ನನಗೂ ಹಾಗೇ ಅನಿಸುತ್ತಿತ್ತು.

ಚಳಿಗಾಲ ಬಂದರೆ ಬಾದಾಮಿಗೆ ಕಲ್ಲು ಹತ್ತುವವರು ಬರುತ್ತಾರೆ. ಬೆಂಗಳೂರು, ಪುಣೆ, ಹೊರದೇಶ, ಎಲ್ಲಾ ಕಡೆಯಿಂದ. ನಮ್ಮ ಕೆಂಪು ಮರಳುಗಲ್ಲಿನ ಬಂಡೆ ಅವರಿಗೆ ಅಷ್ಟು ಇಷ್ಟ. ನನ್ನ ಕಾಲೇಜು ಗೆಳೆಯನೊಬ್ಬ ಹೀಗೇ ಬಂದಿದ್ದ. ನಾವು ನಾಲ್ಕು ಜನ ಊರ ಹೊರಗೆ, ಪರಿಚಯದ ರೈತರೊಬ್ಬರ ಹೊಲದಲ್ಲಿ, ಅವರನ್ನು ಕೇಳಿಯೇ ಟೆಂಟ್ ಹಾಕಿದ್ವಿ. ಗೆಳೆಯನ ಹತ್ತಿರ ಯಾರಿಂದಲೋ ಕೊಂಡ ಹಳೆಯ ಕ್ಯಾಂಪಿಂಗ್ ಸ್ಟೋವ್ ಇತ್ತು. ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್, ಗ್ಯಾಸ್, ಯಾವುದನ್ನು ಹಾಕಿದರೂ ಉರಿಯುತ್ತದೆ ಅನ್ನುವ ಜಾತಿಯದು. ನಾನು ಇಳಕಲ್ಲಿನ ಮನೆಯಿಂದ ಒಂದು ಬಾಟಲಿ ಸೀಮೆಎಣ್ಣೆ ಒಯ್ದಿದ್ದೆ. ನಮ್ಮ ಅಜ್ಜಿ ಎಂದಿನದೋ ಕೂಡಿಟ್ಟ ‘ಚಿಮಣಿ ಎಣ್ಣಿ’.

ಎಣ್ಣೆ ತುಂಬಿದ್ವಿ, ಪಂಪ್ ಹೊಡೆದ್ವಿ, ಹಚ್ಚಿದ್ವಿ. ಉರಿ ಬಂತು, ಆದರೆ ಹಳದಿ ಉರಿ. ತುದಿಯಲ್ಲಿ ಕರೀ ಹೊಗೆ. ಪಾತ್ರೆಯ ತಳ ಎರಡು ನಿಮಿಷದಲ್ಲಿ ಕಾಡಿಗೆ ಡಬ್ಬಿಯಂತಾಯಿತು. ‘ಪ್ರೆಷರ್ ಕಡಿಮಿ ಆಗೇತಿ, ಇನ್ನಷ್ಟು ಹೊಡಿ’ ಅಂದ ಒಬ್ಬ. ಹೊಡೆದ್ವಿ. ಉರಿ ಮೊಣಕಾಲಿಗಿಂತ ಮೇಲೆ ಎದ್ದಿತು. ವಾಲ್ವ್ ತಿರುಗಿಸಿ ಬಂದ್ ಮಾಡುವಷ್ಟರಲ್ಲಿ ಹೊಲದ ಕಾಕಾ ಹಸಿ ಗೋಣಿಚೀಲ ಹಿಡಿದು ಓಡಿಬಂದು ಮುಚ್ಚಿದರು. ಸುತ್ತಲೂ ಒಣಗಿದ ಹುಲ್ಲು. ಅವರು ಬರದಿದ್ದರೆ ಏನಾಗುತ್ತಿತ್ತೋ.

ಅಷ್ಟಾದ ಮೇಲೂ ನಮ್ಮೊಳಗಿನ ಒಬ್ಬ, ‘ಬೈಕಿನಿಂದ ಒಂದಿಷ್ಟು ಪೆಟ್ರೋಲ್ ತಗದು ಕಲಸಿದ್ರ ಚಲೋ ಹತ್ತತೈತಿ’ ಅಂದ. ನಾನು ಬೇಡವೇ ಬೇಡ ಅಂದೆ. ಕಾರಣ ಇದೆ. ಕೆಲವು ವರ್ಷದ ಹಿಂದೆ ನನ್ನ ಸೋದರಮಾವನ ಮಗ ಶ್ರೀಶೈಲ ಪಾದಯಾತ್ರೆಗೆ ಹೋದಾಗ ಮನೆಯ ಹಳೇ ಹಿತ್ತಾಳೆ ಸ್ಟೋವ್ ಒಯ್ದಿದ್ದ. ದಾರಿಯಲ್ಲಿ ಸೀಮೆಎಣ್ಣೆ ಸಿಗಲಿಲ್ಲ, ಪೆಟ್ರೋಲ್ ಹಾಕಿದ. ಅವನ ಬಲಗೈ ಮಣಿಕಟ್ಟಿನಿಂದ ಮೊಣಕೈತನಕ ಇವತ್ತಿಗೂ ಸುಟ್ಟ ಗುರುತು ಹೊತ್ತುಕೊಂಡಿದೆ. ಆ ರಾತ್ರಿ ನಾವು ಚೀಲದಲ್ಲಿದ್ದ ಖಟಕ್ ರೊಟ್ಟಿ, ಶೇಂಗಾ ಚಟ್ನಿ ತಿಂದು ಮಲಗಿದ್ವಿ.

ಇಳಕಲ್ಲಿನ ರಿಪೇರಿ ಕಾಕಾ ಕೇಳಿದ ಪ್ರಶ್ನೆ

ಮರುದಿನ ಸ್ಟೋವ್ ಹಿಡಿದು ಇಳಕಲ್ಲಿಗೆ ಬಂದೆ. ನಮ್ಮ ಪ್ಯಾಟಿಯಲ್ಲಿ ಒಬ್ಬ ಹಿರಿಯರು ಮೊದಲು ಸ್ಟೋವ್ ರಿಪೇರಿ ಮಾಡುತ್ತಿದ್ದರು, ಈಗ ಕುಕ್ಕರ್, ಗ್ಯಾಸ್ ಒಲೆ ನೋಡುತ್ತಾರೆ. ಇಂಥ ಸ್ಟೋವ್ ಅವರು ಕಂಡೇ ಇರಲಿಲ್ಲ. ಎಲ್ಲಾ ತಿರುಗಿಸಿ ನೋಡಿ, ನಡುವಿನ ಪುಟ್ಟ ಹಿತ್ತಾಳೆ ತುಂಡು ಬಿಚ್ಚಿ ಬೆಳಕಿಗೆ ಹಿಡಿದರು.

‘ಎಣ್ಣಿ ಯಾವುದು ಹಾಕಿದ್ರಿ?’

‘ಚಿಮಣಿ ಎಣ್ಣಿ, ಕಾಕಾ.’

‘ನಿಪ್ಪಲ್ ಚಿಮಣಿ ಎಣ್ಣೀದಲ್ಲ ಇದು. ತೂತು ದೊಡ್ಡದೈತಿ. ಸ್ಟೋ ಕೆಟ್ಟಿಲ್ಲ, ನಿಮ್ಮ ಲೆಕ್ಕ ಕೆಟ್ಟೈತಿ.’

ನಾನು ಬಿ.ಕಾಂ ಓದಿದವನು. ‘ಲೆಕ್ಕ ಕೆಟ್ಟೈತಿ’ ಅಂದ ಕೂಡಲೇ ಕಿವಿ ನೆಟ್ಟಗಾಯಿತು. ಟ್ರಯಲ್ ಬ್ಯಾಲೆನ್ಸ್ ಕೂಡದಿದ್ದಾಗ ಎರಡೂ ಬದಿ ತಾಳೆ ನೋಡುತ್ತೇವಲ್ಲ, ಇಲ್ಲೂ ಹಾಗೇ. ಒಂದು ಬದಿ ಇಂಧನ, ಇನ್ನೊಂದು ಬದಿ ಗಾಳಿ. ಅವೆರಡನ್ನು ಕೂಡಿಸುವುದು ಆ ತೂತು. ನಮ್ಮ ಕಡೆ ಅದಕ್ಕೆ ನಿಪ್ಪಲ್ ಅಂತಾರೆ, ಕ್ಯಾಂಪಿಂಗ್ ಸ್ಟೋವಿನವರು ಜೆಟ್ ಅಂತಾರೆ. ವಸ್ತು ಒಂದೇ.

ಒಳಗೆ ನಡೆಯುವುದು ಏನು?

ಈ ಯಂತ್ರದ ಮೂಲ 1892ರದು. ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಬತ್ತಿ ಇಲ್ಲದೆ, ಮಸಿ ಇಲ್ಲದೆ ಉರಿಯುವ ಸೀಮೆಎಣ್ಣೆ ಸ್ಟೋವ್ ಮಾಡಿದ. ಅದೇ ಪ್ರೈಮಸ್. 1953ರ ಮೇ 29ರ ಬೆಳಿಗ್ಗೆ ಎವರೆಸ್ಟಿನ ಕೊನೆಯ ಕ್ಯಾಂಪಿನಲ್ಲಿ ಎಡ್ಮಂಡ್ ಹಿಲರಿ ಹೆಪ್ಪುಗಟ್ಟಿದ ತನ್ನ ಬೂಟುಗಳನ್ನು ಸ್ಟೋವಿನ ಉರಿಗೆ ಹಿಡಿದು ಮೆತ್ತಗೆ ಮಾಡಿಕೊಂಡು, ಆಮೇಲೆ ತೇನ್‌ಸಿಂಗ್ ಜೊತೆ ಹೊರಟಿದ್ದ. ನಮ್ಮ ಅಜ್ಜಿಯ ಅಡುಗೆಮನೆಯ ಹಿತ್ತಾಳೆ ಸ್ಟೋವೂ ಲಿಂಡ್‌ಕ್ವಿಸ್ಟನ ವಂಶದ್ದೇ.

ಕೆಲಸ ಹೀಗೆ ನಡೆಯುತ್ತದೆ. ಪಂಪ್ ಹೊಡೆದಾಗ ಗಾಳಿ ಒಳಗೆ ಹೋಗಿ ಎಣ್ಣೆಯನ್ನು ಕೊಳವೆಗೆ ತಳ್ಳುತ್ತದೆ. ಆ ಕೊಳವೆ ಬರ್ನರಿನ ಬಿಸಿ ತಾಗುವ ಜಾಗದಲ್ಲಿ ಹಾದುಹೋಗುತ್ತದೆ. ಅಲ್ಲಿ ಎಣ್ಣೆ ಕಾಯ್ದು ಆವಿಯಾಗುತ್ತದೆ. ಆವಿ ಜೆಟ್ಟಿನಿಂದ ಜೋರಾಗಿ ಚಿಮ್ಮುವಾಗ ಸುತ್ತಲಿನ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಎರಡೂ ಸರಿಯಾಗಿ ಬೆರೆತರೆ ನೀಲಿ ಉರಿ. ಗಾಳಿ ಸಾಲದಿದ್ದರೆ ಹಳದಿ ಉರಿ, ಮಸಿ.

ಅಂದಮೇಲೆ ಎಣ್ಣೆ ಬದಲಾದರೆ ತೂತು ಯಾಕೆ ಬದಲಾಗಬೇಕು? ರಸಾಯನಶಾಸ್ತ್ರದ ಸಣ್ಣ ಲೆಕ್ಕ ಹಾಕೋಣ. ಒಂದು ಲೀಟರ್ ಪ್ರೊಪೇನ್ ಪೂರ್ತಿ ಸುಡಲು ಸುಮಾರು 24 ಲೀಟರ್ ಗಾಳಿ ಬೇಕು. ಬ್ಯೂಟೇನಿಗೆ 31. ಪೆಟ್ರೋಲ್ ಅಂದರೆ ಆಕ್ಟೇನ್ ಅಂತ ಹಿಡಿದರೆ, ಅದರ ಒಂದು ಲೀಟರ್ ಆವಿಗೆ ಸುಮಾರು 60 ಲೀಟರ್. ಸೀಮೆಎಣ್ಣೆಯನ್ನು 12 ಇಂಗಾಲದ ಡೋಡೆಕೇನ್ ಅಂತ ಹಿಡಿದರೆ ಸುಮಾರು 88 ಲೀಟರ್. ಎಣ್ಣೆ ಭಾರವಾದಷ್ಟೂ ಗಾಳಿಯ ಹಸಿವು ಹೆಚ್ಚು. ಬರ್ನರಿನ ಗಾಳಿ ಕಿಂಡಿ ಇದ್ದಷ್ಟೇ ಇರುತ್ತದೆ. ಹಾಗಾಗಿ ಭಾರದ ಎಣ್ಣೆಯ ಆವಿಯನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು, ಅಂದ್ರ ತೂತು ಸಣ್ಣದಿರಬೇಕು.

ಪ್ರೈಮಸ್ ಆಮ್ನಿಫ್ಯೂಯಲ್ ಅನ್ನುವ ಸ್ಟೋವಿನ ಜೆಟ್ಟುಗಳನ್ನೇ ನೋಡ್ರಿ. ಗ್ಯಾಸಿಗೆ 0.45 ಮಿಲಿಮೀಟರ್, ಪೆಟ್ರೋಲಿಗೆ 0.37, ಸೀಮೆಎಣ್ಣೆ ಮತ್ತು ಡೀಸೆಲ್ಲಿಗೆ 0.28. ಜೆಟ್ ಮೇಲೆ 45, 37, 28 ಅಂತ ಕೆತ್ತಿರುತ್ತದೆ. ಬೇರೆ ಕಂಪನಿಯವರು ಅಂಕಿಯ ಬದಲು ಅಕ್ಷರ ಹಾಕುತ್ತಾರೆ. ಕೆಲವು ಮಾದರಿಗಳು ಒಂದೇ ಜೆಟ್ಟಿನಲ್ಲಿ ಎರಡು ಮೂರು ಎಣ್ಣೆ ನಿಭಾಯಿಸುತ್ತವೆ. ಆದ್ದರಿಂದ ನಿಮ್ಮ ಸ್ಟೋವಿನ ಕೈಪಿಡಿ ಹೇಳಿದ್ದೇ ಕೊನೆಯ ಮಾತು.

0.37ಕ್ಕೂ 0.28ಕ್ಕೂ ವ್ಯತ್ಯಾಸ ಬರೀ 0.09 ಮಿಲಿಮೀಟರ್, ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಆವಿ ಹರಿಯುವುದು ತೂತಿನ ಅಡ್ಡಳತೆಯ ಲೆಕ್ಕದಲ್ಲಲ್ಲ, ಅದರ ಕ್ಷೇತ್ರಫಲದ ಲೆಕ್ಕದಲ್ಲಿ. 28ರ ತೂತಿನ ಕ್ಷೇತ್ರಫಲ 37ರ ತೂತಿನ ಶೇ 57ರಷ್ಟು ಮಾತ್ರ. ನಮ್ಮ ಸ್ಟೋವಿನಲ್ಲಿದ್ದದ್ದು ಪೆಟ್ರೋಲ್ ಜೆಟ್. ನಾವು ಹೆಚ್ಚುಕಡಿಮೆ ಪೌಣೆರಡು ಪಟ್ಟು ಆವಿ ಬಿಡುತ್ತಿದ್ದೆವು. ಅದರ ಮೇಲೆ ಮತ್ತೆ ಪಂಪ್! ಗಾಳಿ ಸಾಲದೇ ಹಳದಿಯಾದ ಉರಿಗೆ ಇನ್ನಷ್ಟು ಎಣ್ಣೆ ಸುರಿದ ಹಾಗಾಯಿತು. ಸಾಲದಲ್ಲಿರುವವನಿಗೆ ಮತ್ತೊಂದು ಸಾಲ ಕೊಟ್ಟಂತೆ.

ಇಲ್ಲಿ ಒಂದು ತಮಾಷೆ ಇದೆ. ಆ ಜೆಟ್ ಪೆಟ್ರೋಲಿನದೇ ಆಗಿದ್ದರಿಂದ ಗೆಳೆಯ ಹೇಳಿದ್ದು ಅರ್ಧ ಸರಿ ಇತ್ತು. ಆದರೆ ಕಾದ ಸ್ಟೋವ್ ಪಕ್ಕದಲ್ಲಿ, ಕತ್ತಲಲ್ಲಿ, ಒತ್ತಡ ಇರುವ ಬಾಟಲಿ ಬಿಚ್ಚಿ ಪೆಟ್ರೋಲ್ ಸುರಿಯುವುದಿತ್ತಲ್ಲ, ಆ ಉಳಿದರ್ಧದಲ್ಲೇ ಜೀವ ಹೋಗುತ್ತದೆ.

ಐದು ಪ್ರಶ್ನೆ, ಇದೇ ಕ್ರಮದಲ್ಲಿ

ಸ್ಟೋವ್ ಸರಿಯಾಗಿ ಉರಿಯದಿದ್ದರೆ ಮೊದಲು ವಾಲ್ವ್ ಬಂದ್ ಮಾಡಿ, ಪೂರ್ತಿ ಆರಲು ಬಿಡ್ರಿ. ಆಮೇಲೆ ಕೇಳಿಕೊಳ್ಳಿ.

ಒಂದು: ಎಣ್ಣೆ ಯಾವುದು, ಜೆಟ್ ಯಾವುದು? ಹಳೆಯ ಸ್ಟೋವ್ ಕೊಂಡರೆ ಒಳಗೆ ಯಾವ ಜೆಟ್ ಇದೆ ಅಂತ ಬಿಚ್ಚಿಯೇ ನೋಡಬೇಕು. ಪೂರ್ತಿ ಕಾಯ್ದ ಮೇಲೂ ಹಳದಿ ಉರಿ, ಮಸಿ ಬಂದರೆ ಜೆಟ್ ಎಣ್ಣೆಗಿಂತ ದೊಡ್ಡದು. ಉಲ್ಟಾ ಆದರೆ, ಅಂದರೆ 28ರ ಜೆಟ್ಟಿಗೆ ಪೆಟ್ರೋಲ್ ಹಾಕಿದರೆ, ಉರಿ ನೀಲಿಯಾಗಿದ್ದರೂ ಬಲ ಇರುವುದಿಲ್ಲ, ಸಣ್ಣ ಗಾಳಿಗೇ ಆರುತ್ತದೆ. ಜೆಟ್ ಬದಲಿಸಿದ ಮೇಲೆ ಅತಿಯಾಗಿ ಬಿಗಿಯಬೇಡಿ. ಹಿತ್ತಾಳೆ ಮೆದು, ಮರೆ ಸವೆದುಹೋಗುತ್ತದೆ.

ಎರಡು: ಕಾಯಿತೋ ಇಲ್ಲವೋ? ಸೀಮೆಎಣ್ಣೆ ತಣ್ಣಗಿದ್ದಾಗ ಆವಿಯಾಗುವುದಿಲ್ಲ, ಹನಿಯಾಗೇ ಜೆಟ್ಟಿನಿಂದ ಚಿಮ್ಮುತ್ತದೆ. ಹಚ್ಚಿದ ಕೂಡಲೇ ಭುಗ್ ಅಂತ ಏಳುವ ಹಳದಿ ಉರಿಗೆ ಬಹಳ ಸಲ ಇದೇ ಕಾರಣ. ನಮ್ಮ ಅಜ್ಜಿಯರು ಬರ್ನರಿನ ಬಟ್ಟಲಿಗೆ ಸ್ಪಿರಿಟ್ ಹಾಕಿ, ಅದು ಇನ್ನೇನು ಆರುವ ಹೊತ್ತಿಗೆ ಪಂಪ್ ಹೊಡೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಒಮ್ಮೆ ಸಾಲದಿದ್ದರೆ, ಸ್ಟೋವ್ ಪೂರ್ತಿ ಆರಿದ ಮೇಲೆ ಮತ್ತೊಮ್ಮೆ ಸ್ಪಿರಿಟ್ ಹಾಕಿ ಕಾಯಿಸಿ. ಉರಿ ಇರುವಾಗ ಮೇಲಿಂದ ಸ್ಪಿರಿಟ್ ಸುರಿಯುವ ಹುಚ್ಚು ಬೇಡ.

ಮೂರು: ತೂತು ಕಟ್ಟಿದೆಯೇ? ಉರಿ ಬರಬರುತ್ತಾ ಸಣ್ಣದಾದರೆ, ಒಂದೇ ಬದಿಗೆ ವಾಲಿದರೆ ಜೆಟ್ಟಿನಲ್ಲಿ ಮಸಿ ಕೂತಿದೆ. ಸ್ಟೋವ್ ಪಿನ್ನಿನಿಂದ ಚುಚ್ಚಿ ತೆಗೆಯಿರಿ, ಆದರೆ ಆ ಜೆಟ್ಟಿನ ಅಳತೆಯ ಪಿನ್ನೇ ಆಗಬೇಕು. ಕಾಕಾ ಹೇಳಿದ್ದು: ‘ಪಿನ್ ಹಾಕಿ ತೂತು ಸ್ವಚ್ಛ ಮಾಡ್ರಿ, ದೊಡ್ಡದ ಮಾಡಬ್ಯಾಡ್ರಿ.’ ಹೊಲಿಗೆ ಸೂಜಿ ತುರುಕಿ 0.28 ಇದ್ದದ್ದು 0.32 ಆಯಿತು ಅನ್ನಿ, ಕ್ಷೇತ್ರಫಲ ಶೇ 30ರಷ್ಟು ಹೆಚ್ಚುತ್ತದೆ. ಆಮೇಲೆ ಆ ಜೆಟ್ ಯಾವ ಎಣ್ಣೆಗೂ ಸರಿಹೊಂದುವುದಿಲ್ಲ.

ನಾಲ್ಕು: ಒತ್ತಡ ನಿಲ್ಲುತ್ತಿದೆಯೇ? ಪಂಪ್ ಹಿಡಿಕೆ ಹಗುರವಾಗಿ ಒಳಹೊರಗೆ ಆಡಿದರೆ ಒಳಗಿನ ವಾಷರ್ ಒಣಗಿದೆ. ಚರ್ಮದ್ದಾದರೆ ಒಂದು ಹನಿ ಎಣ್ಣೆ ಹಾಕಿ ಬೆರಳಿಂದ ಅಗಲಿಸಿದರೆ ಮತ್ತೆ ಹಿಡಿಯುತ್ತದೆ. ಹಿಡಿಕೆ ತಾನಾಗಿ ಮೇಲೆ ಬಂದರೆ, ಅಥವಾ ಅದರ ಸುತ್ತ ಎಣ್ಣೆ ಒಸರಿದರೆ, ವಾಪಸ್ ಬರದಂತೆ ತಡೆಯುವ ವಾಲ್ವ್ ಹೋಗಿದೆ ಅಂತ ಅರ್ಥ. ಅದನ್ನು ಹಚ್ಚಲೇಬಾರದು. ಸೋರಿಕೆ ಪರೀಕ್ಷೆಗೆ ಸೋಪಿನ ನೀರು ಸಾಕು. ಕಡ್ಡಿ ಗೀರಿ ನೋಡುವುದಲ್ಲ. ಉರಿ ಉಸಿರಾಡಿದಂತೆ ಹೆಚ್ಚುಕಡಿಮೆ ಆಗುತ್ತಿದ್ದರೆ ಬಾಟಲಿಯ ಮಟ್ಟ ನೋಡಿ. ಕಂಠಪೂರ್ತಿ ತುಂಬಬಾರದು, ಗುರುತಿನ ಗೆರೆಯವರೆಗೆ ಮಾತ್ರ. ಉಳಿದ ಜಾಗ ಗಾಳಿಗೆ ಬೇಕು.

ಐದು: ಗಾಳಿ ಬರುತ್ತಿದೆಯೇ? ಜೆಟ್ ಸುತ್ತಲಿನ ಕಿಂಡಿಯಲ್ಲಿ ಮಣ್ಣು, ಜೇಡರ ಬಲೆ ಇರಬಹುದು. ಗಾಳಿ ತಡೆಯಲು ಸುತ್ತಲಿಟ್ಟ ತಗಡು ಪಾತ್ರೆಗೆ ತೀರಾ ಒತ್ತಿಕೊಂಡಿರಬಹುದು. ಆ ತಗಡಿನ ಒಳಗೆ ಎಣ್ಣೆಯ ಬಾಟಲಿ ಎಂದೂ ಬರಬಾರದು.

ಹಿಮಾಲಯಕ್ಕೆ ಹೋಗುವವರಿಗೆ ಒಂದು ಮಾತು. 4,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ 60 ಮಾತ್ರ. ಬಾದಾಮಿಯಲ್ಲಿ ಚೆನ್ನಾಗಿ ನೀಲಿ ಉರಿದ ಸ್ಟೋವ್ ಅಲ್ಲಿ ಹಳದಿಯಾದರೆ ಗಾಬರಿ ಬೇಡ. ವಾಲ್ವ್ ಸ್ವಲ್ಪ ಇಳಿಸಿ.

ಅಜ್ಜಿಯ ಸ್ಟೋವಿಗೆ ಪೆಟ್ರೋಲ್ ಯಾಕೆ ಬೇಡ?

ಈ ಕಂತು ಮಾಡಿದ್ದೇ ಇದಕ್ಕಾಗಿ. ರೇಷನ್ ಅಂಗಡಿಯಲ್ಲಿ ಮೊದಲು ಸಿಗುತ್ತಿದ್ದ ನೀಲಿ ಬಣ್ಣದ ಸೀಮೆಎಣ್ಣೆ ಈಗ ಅಪರೂಪ. ಮನೆಮನೆಗೆ ಗ್ಯಾಸ್ ಬಂದಿದೆ. ಆದರೆ ಅಟ್ಟದ ಮೇಲೆ ಹಿತ್ತಾಳೆ ಸ್ಟೋವ್ ಇನ್ನೂ ಇದೆ. ಬನಶಂಕರಿ ಜಾತ್ರೆಗೆ, ಶ್ರೀಶೈಲದ ದಾರಿಗೆ, ಕೂಡಲಸಂಗಮದ ದಂಡೆಗೆ ಹೊರಟಾಗ ಅದು ಕೆಳಗಿಳಿಯುತ್ತದೆ. ಎಣ್ಣೆ ಸಿಗದಿದ್ದಾಗ ಕಣ್ಣಿಗೆ ಬೀಳುವುದು ಬೈಕಿನ ಟ್ಯಾಂಕ್.

ಕ್ಯಾಂಪಿಂಗ್ ಸ್ಟೋವಿನಲ್ಲಿ ಎಣ್ಣೆಯ ಬಾಟಲಿ ಉರಿಯಿಂದ ದೂರ, ಕೊಳವೆಯ ಇನ್ನೊಂದು ತುದಿಯಲ್ಲಿರುತ್ತದೆ. ಮನೆಯ ಸ್ಟೋವಿನಲ್ಲಿ ಟ್ಯಾಂಕ್ ಬರ್ನರಿನ ಬುಡದಲ್ಲೇ ಇದೆ. ಉರಿ ಹತ್ತಿದಷ್ಟೂ ಟ್ಯಾಂಕ್ ಕಾಯುತ್ತದೆ. ಸೀಮೆಎಣ್ಣೆಗೆ ಅದು ನಡೆಯುತ್ತದೆ. ಪೆಟ್ರೋಲ್ ಸುಲಭವಾಗಿ ಆವಿಯಾಗುವುದರಿಂದ ಟ್ಯಾಂಕಿನೊಳಗೆ ಒತ್ತಡ ತಾನಾಗಿ ಏರುತ್ತದೆ, ಉರಿ ಹೆಚ್ಚುತ್ತದೆ, ಟ್ಯಾಂಕ್ ಮತ್ತೂ ಕಾಯುತ್ತದೆ. ಚಕ್ರಬಡ್ಡಿ ಹಾಗೆ.

ನಮ್ಮ ಕಾನೂನೂ ಇವೆರಡನ್ನು ಬೇರೆಬೇರೆ ವರ್ಗದಲ್ಲಿಟ್ಟಿದೆ. ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ 23 ಡಿಗ್ರಿಗಿಂತ ಕಡಿಮೆ ಇದ್ದರೆ ‘ಎ’ ವರ್ಗ, ಪೆಟ್ರೋಲ್ ಅಲ್ಲಿದೆ. 23ರಿಂದ 65ರೊಳಗಿನದು ‘ಬಿ’ ವರ್ಗ; ಸೀಮೆಎಣ್ಣೆ ಅಲ್ಲಿದೆ. ನಮ್ಮ ದೇಶದ ಮಾನದಂಡದಲ್ಲಿ ಸೀಮೆಎಣ್ಣೆಗೆ ಆ ಉಷ್ಣತೆ ಕನಿಷ್ಠ 35 ಡಿಗ್ರಿ ಇರಬೇಕು. ಈಗ ಬಾಗಲಕೋಟೆಯ ಏಪ್ರಿಲ್ ಬಿಸಿಲು ನೆನಪು ಮಾಡಿಕೊಳ್ಳಿ. 40 ಡಿಗ್ರಿ ದಾಟುತ್ತದೆ. ಅಂದ್ರ ನಮ್ಮ ಬ್ಯಾಸಿಗ್ಯಾಗ ಬಿಸಿಲಲ್ಲಿಟ್ಟ ಸೀಮೆಎಣ್ಣೆಯೂ ಪೆಟ್ರೋಲಿನ ಹಾಗೆ ಕಿಡಿಗಾಗಿ ಕಾಯುತ್ತಿರುತ್ತದೆ. ಎಣ್ಣೆ ನೆರಳಲ್ಲಿರಲಿ.

ಪೆಟ್ರೋಲ್ ಸ್ಟೋವ್ ಇರುವವರೂ ಒಂದು ಗಮನಿಸಿ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರು ಹೀರುತ್ತದೆ, ಕೆಲವು ಹಳೆಯ ರಬ್ಬರ್ ವಾಷರುಗಳನ್ನು ಉಬ್ಬಿಸುತ್ತದೆ. ತಿಂಗಳುಗಟ್ಟಲೆ ಬಾಟಲಿಯಲ್ಲಿ ಬಿಡಬೇಡಿ, ವಾಷರ್ ಆಗಾಗ ನೋಡಿ. ಪ್ಲಾಸ್ಟಿಕ್ ಬಾಟಲಿಗೆ ಪೆಟ್ರೋಲ್ ಹಾಕಿಸಬೇಡಿ. ರೈಲಿನಲ್ಲಿ ಬಾದಾಮಿಗೆ ಬರುವವರು ಯಾವ ಎಣ್ಣೆಯನ್ನೂ ತರಬೇಡಿ. ರೈಲ್ವೆ ಕಾಯ್ದೆ, 1989ರ 164ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು ಇದೆ.

ಎಲ್ಲಿ ಹಚ್ಚಬೇಕು ಅನ್ನುವುದೂ ಮುಖ್ಯ. ಟೆಂಟ್ ಒಳಗೆ, ಬಾಗಿಲು ಹಾಕಿದ ಕೋಣೆಯಲ್ಲಿ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಸಂರಕ್ಷಿತ ಸ್ಮಾರಕದ ಒಳಗೆ ಅಡುಗೆ ಮಾಡುವಂತಿಲ್ಲ. ಬಾದಾಮಿಯ ಮೂರನೇ ಗುಹೆಯ ಶಾಸನ ಕ್ರಿ.ಶ. 578ರದು. ಅದಕ್ಕೆ ನಮ್ಮ ಚಹಾದ ಮಸಿ ಹತ್ತುವುದು ಬೇಡ.

ಇನ್ನು ನೇರವಾಗಿ ಹೇಳಿಬಿಡುತ್ತೇನೆ. ಗಾಡಿಯಲ್ಲಿ ಹೋಗುವ ಗುಂಪಿಗೆ ಈ ಪಂಪು, ಜೆಟ್ಟಿನ ಉಸಾಬರಿಯೇ ಬೇಡ. ಐದು ಕೆಜಿಯ ಸಣ್ಣ ಗ್ಯಾಸ್ ಸಿಲಿಂಡರ್, ಅದಕ್ಕೆ ಸರಿಯಾದ ಬರ್ನರ್ ಒಯ್ಯಿರಿ. ಆದರೆ ಮನೆಯ ಸಿಲಿಂಡರಿನಿಂದ ಪುಟ್ಟ ಕ್ಯಾನಿಗೆ ಗ್ಯಾಸ್ ತುಂಬಿಕೊಳ್ಳುವ ಸಾಹಸ ಮಾಡಬೇಡಿ.

ಇಷ್ಟೆಲ್ಲ ಮಾಡಿಯೂ ಕೈ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿನ, ಶಾಯಿ ಏನೂ ಬೇಡ. ಗಾಯ ದೊಡ್ಡದಿದ್ದರೆ 108ಕ್ಕೆ ಫೋನ್ ಮಾಡಿ. ನನ್ನ ಸೋದರಮಾವನ ಮಗನ ಕೈಗೆ ಮೊದಲು ಬಿದ್ದದ್ದು ನೀರಲ್ಲ, ಟೂತ್‌ಪೇಸ್ಟ್. ಆಸ್ಪತ್ರೆಯಲ್ಲಿ ಅದನ್ನು ತೆಗೆಯುವಾಗ ಅವನು ಕೂಗಿದ್ದು ನನಗಿನ್ನೂ ಕೇಳಿಸುತ್ತದೆ.

ಆ ಸ್ಟೋವಿಗೆ ಗೆಳೆಯ ಸೀಮೆಎಣ್ಣೆಯ ಜೆಟ್ ತರಿಸಿದ. ಮತ್ತೆ ಅದೇ ಹೊಲಕ್ಕೆ ಹೋದ್ವಿ. ಈ ಸಲ ಮೊದಲು ಹುಲ್ಲು ಕೆರೆದು ಜಾಗ ಸ್ವಚ್ಛ ಮಾಡಿದ್ವಿ, ಸ್ಪಿರಿಟ್ ಹಾಕಿ ಕಾಯಿಸಿದ್ವಿ, ಮೆಲ್ಲಗೆ ವಾಲ್ವ್ ತೆರೆದ್ವಿ. ನೀಲಿ ಉರಿ, ಅಜ್ಜಿಯ ಅಡುಗೆಮನೆಯ ಅದೇ ಸುಯ್ ಅನ್ನುವ ಸದ್ದು. ಹೊಲದ ಕಾಕಾ ಚಹಾ ಕುಡಿದು ‘ಚಲೋ ಆಗೇತಿ’ ಅಂದರು. ಆದರೂ ಹಸಿ ಗೋಣಿಚೀಲ ಅವರ ಕಾಲ ಬಳಿಯೇ ಇತ್ತು. ಅದನ್ನು ನೀವೂ ಇಟ್ಟುಕೊಳ್ಳಿ.

ಮುಂದಿನ ಕಂತಿನಲ್ಲಿ ಸಿಗೋಣ್ರಿ.